ಕೆರೆ ಏರಿ ಮೇಲಿನ ವೀರಗಲ್ಲು ಉಳಿಸ್ಕೊಳ್ಳೋದು ಹೇಗೆ, ಅನುಭವ ಇದ್ದೋರು ಹೇಳಿ

ನಮ್ಮೂರು ಅರಸೀಕೆರೆ ತಾಲ್ಲೂಕು. ಕೆರೆ ಏರಿ ಮೇಲೆ ಮೂರು ವೀರಗಲ್ಲು, ಪಕ್ಕದಲ್ಲೇ ಅರ್ಧ ಹೂತಿರೋ ಒಂದು ಶಾಸನ ಇದೆ. ಮುಂದಿನ ತಿಂಗಳು ರಸ್ತೆ ಅಗಲ ಮಾಡ್ತಾರಂತೆ, ಜೆಸಿಬಿ ಬಂದ್ರೆ ಕಥೆ ಮುಗೀತು. ಏನ್ ಮಾಡ್ಬೇಕು?

ಉತ್ತರ 1:
ನಮ್ಮೂರಲ್ಲೂ ಹಿಂಗೇ ಆಗಿತ್ತು, ಕಡೂರು ಕಡೆ. ಮೊದ್ಲು ನಿಮ್ಮ ಶಾಸನ ಅಚ್ಚಾಗಿದ್ಯಾ ನೋಡಿ. ಬ್ರಿಟಿಷರ ಕಾಲದಲ್ಲಿ ಮೈಸೂರು ಪುರಾತತ್ವ ಇಲಾಖೆ ನೋಡ್ಕೋತಿದ್ದ ಬಿ.ಎಲ್. ರೈಸ್ ಊರೂರು ಹುಡುಕಿ ಎಪಿಗ್ರಾಫಿಯಾ ಕರ್ನಾಟಿಕಾ ಅಂತ ಶಾಸನಗಳ ಸಂಪುಟ ತಂದ್ರಲ್ಲ, ಹಳೇ ಎಡಿಷನ್ನಲ್ಲಿ ಹಾಸನ ಜಿಲ್ಲೆದು 5ನೇ ಸಂಪುಟ, ತಾಲ್ಲೂಕುವಾರು ಒಂದೊಂದು ಶಾಸನಕ್ಕೂ ನಂಬರ್ ಇದೆ, ಸ್ಕ್ಯಾನ್ ಕಾಪಿ ನೆಟ್ಟಲ್ಲಿ ಸಿಗತ್ತೆ. ಅರ್ಜಿಲಿ "ಹಳೇ ಕಲ್ಲು" ಅಂತ ಬರೆದ್ರೆ ಯಾರೂ ತಿರುಗಿ ನೋಡಲ್ಲ, ನಂಬರ್ ಹಾಕಿದ್ರೆ ತೂಕಾನೇ ಬೇರೆ. ಪಿಡಿಒ, ತಹಸೀಲ್ದಾರ್, ಮೈಸೂರಲ್ಲಿರೋ ರಾಜ್ಯ ಪುರಾತತ್ವ ಇಲಾಖೆ, ರಸ್ತೆ ಮಾಡೋ ಇಂಜಿನಿಯರ್, ನಾಲ್ಕೂ ಕಡೆ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ.

ಆದ್ರೆ ನಮ್ಮ ಕಲ್ಲು ಉಳಿದಿದ್ದು ಅರ್ಜಿಯಿಂದ ಅಲ್ಲ. ರಿಟೈರ್ಡ್ ಕನ್ನಡ ಮೇಷ್ಟ್ರೊಬ್ಬರನ್ನ ಕರ್ಕೊಂಡು ಬಂದು ಅರಳಿಕಟ್ಟೆ ಮೇಲೆ ಅದ್ರಲ್ಲಿರೋ ಶಾಸನ ಓದಿಸಿದ್ವಿ, ಊರಿನ ದನ ಹೊಡ್ಕೊಂಡು ಹೋದವರ ಮೇಲೆ ಬಿದ್ದು, ದನ ಬಿಡಿಸಿ ಸತ್ತವನ ಕಲ್ಲು ಅದು. ಕೆಳಗಿನ ಪಟ್ಟಿಲಿ ದನ, ಕತ್ತಿ, ನಡುವೆ ಅಪ್ಸರೆಯರು ಅವನನ್ನ ಎತ್ಕೊಂಡು ಹೋಗೋದು, ಮೇಲೆ ಲಿಂಗದ ಮುಂದೆ ಕೂತಿರೋದು. ಅಲ್ಲೀವರೆಗೂ ಅದ್ರ ಮೇಲೆ ಬಟ್ಟೆ ಒಗೀತಿದ್ದ ಅಜ್ಜಿ ಮಾರನೇ ದಿನ ಅರಿಶಿನ ಕುಂಕುಮ ಇಟ್ಟಿತ್ತು. ಆಮೇಲೆ ಕಲ್ಲು ಮುಟ್ಟೋಕೆ ಊರವ್ರೇ ಬಿಡ್ಲಿಲ್ಲ, ರಸ್ತೆ ಎರಡು ಮಾರು ಆಚೆ ಹೋಯ್ತು.

ಉತ್ತರ 2:
ಅರಿಶಿನ ಕುಂಕುಮ ಬುಡದಲ್ಲಿಡಿ, ಅಕ್ಷರದ ಮೇಲೆ ಬೇಡ. ಬಣ್ಣ, ಎಣ್ಣೆ, ಆಸಿಡ್ ಯಾವ್ದನ್ನೂ ಹತ್ರ ಸೇರಿಸ್ಬೇಡಿ. ನಮ್ಮೂರಲ್ಲಿ ಜಾತ್ರೆಗೆ ಚೆನ್ನಾಗಿ ಕಾಣ್ಲಿ ಅಂತ ಸಿಲ್ವರ್ ಪೇಂಟ್ ಹೊಡೆದ್ರು, ಗುಂಡಿ ತುಂಬ್ಕೊಂಡು ಅಕ್ಷರದ ಅಂಚೇ ಹೋಯ್ತು, ಈಗ ಬೆರಳಿಟ್ಟು ಸವರಿದ್ರೂ ಗೊತ್ತಾಗಲ್ಲ, ನೋಡಿದಾಗಲೆಲ್ಲ ಹೊಟ್ಟೆ ಉರಿಯತ್ತೆ. ಫೋಟೋ ತೆಗೆಯೋಕೆ ಸೀಮೆಸುಣ್ಣ ಬಳೀಬೇಡಿ. ಕತ್ತಲಾದ್ಮೇಲೆ ಟಾರ್ಚ್ನ ಕಲ್ಲಿನ ಪಕ್ಕಕ್ಕೆ, ಹೆಚ್ಚುಕಮ್ಮಿ ಕಲ್ಲಿಗೇ ತಾಗೋ ಹಂಗೆ ಹಿಡೀರಿ, ಒಂದೊಂದೇ ಸಾಲು ಎದ್ದು ಬರತ್ತೆ.

ಉತ್ತರ 3:
ಹೂತಿರೋ ಕಲ್ಲನ್ನ ನೀವಾಗೇ ಅಗೀಬೇಡಿ ದಯವಿಟ್ಟು. ಒಂದು ಗುದ್ದಲಿ ಬಿದ್ರೆ ಸಾಕು, ನಿಧಿ ಸಿಕ್ತಂತೆ ಅಂತ ಸುದ್ದಿ. ನಮ್ ಕಡೆ ಅದೇ ಆಸೆಗೆ ರಾತ್ರೋರಾತ್ರಿ ಬಸವಣ್ಣನ್ನೇ ಒಡೆದು ಹಾಕಿದ್ರು. ಮ್ಯೂಸಿಯಂಗೆ ಕಳಿಸಿ ಅಂತ ಯಾರಾದ್ರೂ ಅಂದ್ರೂ ಮೊದ್ಲು ಊರಲ್ಲೇ ಇಡೋಕೆ ಆಗತ್ತಾ ಕೇಳಿ. ಹಂದಿ ಜೊತೆ ಕಾದಾಡಿ ಸತ್ತ ಕಾಳಿ ಅನ್ನೋ ನಾಯಿಗೆ ನಿಲ್ಲಿಸಿದ ಆತಕೂರಿನ ಕಲ್ಲು, ಮದ್ದೂರು ತಾಲ್ಲೂಕಿಂದು, ಈಗಿರೋದು ಬೆಂಗಳೂರು ಮ್ಯೂಸಿಯಂನಲ್ಲಿ. ಹಲ್ಮಿಡಿ ಶಾಸನಾನೂ ಊರಲ್ಲಿಲ್ಲ, ಅಲ್ಲಿರೋದು ಪ್ರತಿಕೃತಿ. ಕಲ್ಲು ಭದ್ರವಾಗಿದೆ, ಸರಿ, ಆದ್ರೆ ಆ ಊರಿನ ಮಕ್ಕಳು ಅದನ್ನ ನೋಡೋಕೆ ಬಸ್ ಹತ್ತಬೇಕು.

ಕೇಳಿದವರು:
ಎಲ್ರಿಗೂ ಥ್ಯಾಂಕ್ಸ್. ಇವತ್ತು ರಾತ್ರಿ ನಾಲ್ಕು ಜನ ಟಾರ್ಚ್ ತಗೊಂಡು ಏರಿ ಮೇಲೆ ಹೋಗ್ತಿದೀವಿ, ಹೂತಿರೋದನ್ನ ಹಂಗೇ ಬಿಡ್ತೀವಿ. ಓದೋಕೆ ಬಂದಷ್ಟು ಸಾಲಿನ ಫೋಟೋ ಇಲ್ಲೇ ಹಾಕ್ತೀನಿ, ಹಳಗನ್ನಡ ಗೊತ್ತಿರೋರು ಒಂಚೂರು ನೋಡಿ.