ಬೆಂಗಳೂರಿಗೆ ಇಂಜಿನಿಯರಿಂಗ್‌ಗೆ ಹೊರಟಿದ್ದೇನೆ, ಎದೆ ಢವಢವ. ನಿಮ್ಮ ಅನುಭವ ಹೇಳಿ

ಕೊಪ್ಪಳದ ಹುಡುಗ: ಕನ್ನಡ ಮಾಧ್ಯಮ ಕೋಟಾದಲ್ಲಿ ಸಿಇಟಿ ಸೀಟು ಸಿಕ್ಕಿದೆ. ಮುಂದಿನ ವಾರ ಕ್ಲಾಸು ಶುರು. ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬಾಯಿ ಬಿಡಲು ಆಗಲ್ಲ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಹಾಸನದವಳು: ಭಯ ಇದ್ದದ್ದೇ ತಮ್ಮಾ. ನನ್ನನ್ನು ಹಿಂಡಿದ್ದು ಪಿಜಿ. ಅಡ್ವಾನ್ಸ್ 15,000. ತಿಂಗಳಿಗೆ 8,500, ಅದೂ ಒಂದು ರೂಮಿಗೆ ಮೂವರು. ಬಿಡುವಾಗ ಪೇಂಟಿಂಗ್ ಅಂತ 5,000 ಹಿಡಿದರು, ನೋಟಿಸ್ ಕೊಟ್ಟಿಲ್ಲ ಅಂತ ಇನ್ನೂ 4,000. ಕೈಗೆ ಬಂದಿದ್ದು 6,000, ಅದೂ ಅಪ್ಪ ಬಂದು ಬಾಗಿಲಲ್ಲಿ ಕೂತ ಮೇಲೆ. ಈ ಚಿಂತೆಯಲ್ಲೇ ಫಸ್ಟ್ ಸೆಮ್ ಮ್ಯಾಥ್ಸ್ ಬ್ಯಾಕ್ ಆಯಿತು. ಹಾಸ್ಟೆಲ್ ಸಿಕ್ಕರೆ ಕಣ್ಣು ಮುಚ್ಚಿಕೊಂಡು ಸೇರು.

ರಾಯಚೂರಿನವನು: ನಾನು ಸರ್ಕಾರಿ ಹಾಸ್ಟೆಲ್‌ನಲ್ಲೇ ಓದಿದವನು. ಊಟ, ವಸತಿಗೆ ಒಂದು ಪೈಸೆ ಕೊಟ್ಟಿಲ್ಲ. ರೂಮಿನಲ್ಲಿ ಯಾದಗಿರಿ ಹುಡುಗ ಇದ್ದ. ರಾತ್ರಿ ಪಾಠವನ್ನು ಒಬ್ಬರಿಗೊಬ್ಬರು ಕನ್ನಡದಲ್ಲಿ ಹೇಳಿಕೊಳ್ಳುತ್ತಿದ್ದೆವು. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆವು. ಮೊದಲ ವೈವಾದಲ್ಲಿ, ಅಂದರೆ ಲ್ಯಾಬಿನ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದ ಪರೀಕ್ಷಕರು ಡಯೋಡ್ ಕೈಗಿಟ್ಟು, ಈ ಬಿಳಿ ಗೆರೆ ಯಾಕೆ ಅಂದರು. ಗಂಟಲು ಒಣಗಿತು. ಕನ್ನಡದಲ್ಲಿ ಹೇಳಲಾ ಸರ್ ಅಂದೆ. ಹೇಳಪ್ಪಾ ಅಂದರು. ಕ್ಯಾಥೋಡ್ ಕಡೆ ಗುರುತು ಅದು ಅಂದೆ. ಅವತ್ತೇ ಅರ್ಧ ಭಯ ಹೋಯಿತು. ಪಿಜಿ ಗೋಳೆಲ್ಲ ದುಡ್ಡಿದ್ದವರದು.

ಹಾಸನದವಳು: ದುಡ್ಡಿದ್ದವರಾ? ನಮ್ಮಪ್ಪ ಶುಂಠಿ ಹಾಕಿ ಕೈ ಸುಟ್ಟುಕೊಂಡ ವರ್ಷ ಅದು. ಹಾಸ್ಟೆಲಿಗೆ ನಾನೂ ಅರ್ಜಿ ಹಾಕಿದ್ದೆ. ಲಿಸ್ಟ್ ಬಂದಿದ್ದು ಮೊದಲ ಇಂಟರ್ನಲ್ಸ್ ಮುಗಿದ ಮೇಲೆ. ಅಲ್ಲಿವರೆಗೆ ಮೆಜೆಸ್ಟಿಕ್‌ನಲ್ಲಿ ಮಲಗಬೇಕಿತ್ತಾ?

ತುಮಕೂರಿನ ತಾಯಿ: ಹುಡುಗ ನಿದ್ದೆ ಇಲ್ಲ ಅಂತಿದ್ದಾನೆ, ನಿಮ್ಮದು ಬರೀ ಬಾಡಿಗೆ. ನನ್ನ ಮಗಳಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಇಸಿಜಿ 400, ಎಕೋ 2,200, ಥೈರಾಯ್ಡ್ 600. ಎಲ್ಲಾ ನಾರ್ಮಲ್. ಕೊನೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಫೋನ್ ಮಾಡಿದೆವು. ಕನ್ನಡದಲ್ಲೇ ಮಾತಾಡುತ್ತಾರೆ, 24 ಗಂಟೆಯೂ ಇರುತ್ತಾರೆ, ದುಡ್ಡಿಲ್ಲ. ಸಂಜೆ ಕಾಫಿ ಬಿಡಿಸಿದರು. ಕ್ಲಾಸು ಶುರುವಾಗುವ ಮೊದಲೇ ಒಮ್ಮೆ ಹೋಗಿ ಲ್ಯಾಬು, ಕ್ಯಾಂಟೀನು ನೋಡಿ ಬಾ ಅಂದರು. ಹೋಗಿ ಬಂದ ರಾತ್ರಿ ಮಲಗಿದಳು.

ದಾವಣಗೆರೆಯವನು: ಫೋನಿನಲ್ಲಿ ಮಾತಾಡಿದರೆ ಸೀನಿಯರ್ ಕಾಟ ನಿಲ್ಲುತ್ತಾ ಅಮ್ಮಾ? ನನ್ನ ಕೈಲಿ ಅವರ ರೆಕಾರ್ಡ್ ಬರೆಸಿದರು, ಬಟ್ಟೆ ಒಗೆಸಿದರು. ನಾನು ಬಿಟ್ಟು ಬಂದೆ. ಕಟ್ಟಿದ್ದ ಫೀಸು ಪೂರ್ತಿ ಹೋಯಿತು. ಊರಲ್ಲೇ ಬಿಎಸ್ಸಿ, ಬಿಎಡ್ ಮಾಡಿ ಇವತ್ತು ಹೈಸ್ಕೂಲು ಮೇಷ್ಟ್ರು. ನೆಮ್ಮದಿಯಾಗಿದ್ದೇನೆ.

ತುಮಕೂರಿನ ತಾಯಿ: ಸೇರುವ ಮೊದಲೇ ಬಿಡುವ ಮಾತು ಯಾಕೆ ತುಂಬುತ್ತೀರಿ? ರ‍್ಯಾಗಿಂಗ್‌ಗೆ ಯುಜಿಸಿಯದೇ ನಂಬರ್ ಇದೆ, 1800-180-5522.

ದಾವಣಗೆರೆಯವನು: ದೂರು ಕೊಟ್ಟವನು ಅದೇ ಹಾಸ್ಟೆಲಿನಲ್ಲಿ ರಾತ್ರಿ ಕಳೆಯಬೇಕು. ಅನುಭವಿಸಿದವರಿಗೆ ಗೊತ್ತು.

ರಾಯಚೂರಿನವನು: ಎಲ್ಲ ಹಾಸ್ಟೆಲೂ ಹಾಗಿರಲ್ಲ ಮೇಷ್ಟ್ರೇ. ನಮಗೆ ಸೀನಿಯರ್‌ಗಳೇ ಹಳೇ ಪುಸ್ತಕ ಕೊಟ್ಟರು.

ಕೊಪ್ಪಳದ ಹುಡುಗ: ಶನಿವಾರ ಅಪ್ಪನ ಜೊತೆ ಕಾಲೇಜು ನೋಡಲು ಹೋಗುತ್ತೇನೆ. ಅಕ್ಕಾ, ಪಿಜಿಯವರು ಅಡ್ವಾನ್ಸ್‌ಗೆ ರಸೀದಿ ಕೊಡ್ತಾರಾ?

ಹಾಸನದವಳು: ಕೇಳದೆ ಕೊಡಲ್ಲ. ಬಿಡುವಾಗ ಎಷ್ಟು ಹಿಡಿಯುತ್ತಾರೆ ಅನ್ನೋದನ್ನೂ ಅದರಲ್ಲೇ ಬರೆಸಿಕೋ.