ವೀಟ್ ಬಿಲ್ಡ್: ಡಿಸ್ಟ್ ಫೋಲ್ಡರ್ ವಿಂಗಡಿಸಿದ ಮೇಲೆ ಸರ್ವರ್‌ನಲ್ಲಿ ಖಾಲಿ ಪುಟ

ಗಂಗಾವತಿ ಸೋನಾ

ಎಲ್ಲರಿಗೂ ನಮಸ್ಕಾರ್ರಿ. ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ವೆಬ್ ಆ್ಯಪ್ ಮಾಡ್ತಿದೀನಿ. ಮೂರು ಪುಟ: ಎಲ್ಲರೂ ನೋಡುವ ದರಪಟ್ಟಿ, ಭತ್ತದ ಲಾರಿ ಬಂದಾಗ ತೂಕ ನಮೂದಿಸುವ ಗೇಟ್ ಪುಟ, ಆಮೇಲೆ ಅಡ್ಮಿನ್. ಬಿಲ್ಡ್ ಟೂಲ್ ವೀಟ್ 6, ಕೋಡ್ ರಿಯಾಕ್ಟ್‌ನಲ್ಲಿ. ಶೇರ್ಡ್ ಹೋಸ್ಟಿಂಗ್, ಅಪಾಚೆ ಸರ್ವರ್. ಡೊಮೇನ್‌ನಲ್ಲಿ ಗಿರಣಿಯ ಹಳೇ ಸೈಟ್ ಇರೋದರಿಂದ ಇದು ‘/ಗಿರಣಿ/’ ಸಬ್‌ಫೋಲ್ಡರ್‌ನಲ್ಲಿ ಓಡಬೇಕು. (ಆಪ್ಷನ್, ಫೋಲ್ಡರ್ ಹೆಸರುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದೀನಿ, ಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರವೇ.)

ಬಿಲ್ಡ್ ಆದ ಫೈಲ್‌ಗಳು ಬೀಳುವ ‘ಡಿಸ್ಟ್’ ಫೋಲ್ಡರ್ ಒಳಗಿನ ‘ಅಸೆಟ್ಸ್’ನಲ್ಲಿ ಜೆಎಸ್, ಸಿಎಸ್‌ಎಸ್, ಚಿತ್ರ, ಫಾಂಟ್ ಎಲ್ಲಾ ಕಲಸಿಕೊಂಡು ಬೀಳ್ತಾವೆ. ಬೇರೆ ಬೇರೆ ಫೋಲ್ಡರ್ ಬೇಕು. ಈಗಿನ ತೊಂದರೆ ಎರಡು:

ಒಂದು, ಪುಟಗಳ ಎಚ್‌ಟಿಎಂಎಲ್ ‘ಎಸ್‌ಆರ್‌ಸಿ/ಪೇಜಸ್/ಗೇಟ್/’ನಲ್ಲಿವೆ. ವೀಟ್ ಒಳಗೆ ಫೈಲ್‌ಗಳನ್ನು ಕಟ್ಟುವ ರೋಲಪ್‌ನ ಸೆಟ್ಟಿಂಗ್ ‘ರೋಲಪ್‌ಆಪ್ಷನ್ಸ್’ನ ‘ಇನ್‌ಪುಟ್’ನಲ್ಲಿ ‘ಗೇಟ್’ ಅಂತ ಹೆಸರು ಕೊಟ್ಟರೂ ಫೈಲ್ ‘ಡಿಸ್ಟ್/ಎಸ್‌ಆರ್‌ಸಿ/ಪೇಜಸ್/ಗೇಟ್/ಇಂಡೆಕ್ಸ್.ಎಚ್‌ಟಿಎಂಎಲ್’ ಆಗಿಯೇ ಬರ್ತದೆ.

ಎರಡು, ಡೆವ್ ಸರ್ವರ್‌ನಲ್ಲಿ (ನನ್ನ ಮಷಿನ್‌ನಲ್ಲಿ) ಎಲ್ಲಾ ಸರಿ. ಅಪ್‌ಲೋಡ್ ಮಾಡಿದರೆ ಬಿಳಿ ಪುಟ. ಕನ್ಸೋಲ್‌ನಲ್ಲಿ, ಜಾವಾಸ್ಕ್ರಿಪ್ಟ್ ಮಾಡ್ಯೂಲ್ ಬರಬೇಕಾದ ಕಡೆ ಸರ್ವರ್ ‘ಟೆಕ್ಸ್ಟ್/ಎಚ್‌ಟಿಎಂಎಲ್’ ಮೈಮ್ ಟೈಪ್ (ಫೈಲ್ ಯಾವ ಬಗೆಯದು ಅನ್ನುವ ಗುರುತು) ಕಳಿಸಿದೆ ಅನ್ನುವ ಎರರ್. ಫೈಲ್‌ಗಳು ಸರ್ವರ್‌ನಲ್ಲಿ ಇವೆ, ಹೋಸ್ಟಿಂಗ್‌ನ ನಿಯಂತ್ರಣ ಪುಟ ಸಿಪ್ಯಾನೆಲ್‌ನಲ್ಲಿ ಕಣ್ಣಾರೆ ಕಾಣ್ತಾವೆ.

ಬಳ್ಳಾರಿ ಬಿಲ್ಡ್

ಎರಡನೆಯದನ್ನು ಮೊದಲು ಬಿಡಿಸೋಣ ಸರ್. ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು, ಫೇಲ್ ಆದ ಜೆಎಸ್ ಫೈಲ್‌ನ ಪೂರ್ತಿ ವಿಳಾಸ ನೋಡ್ರಿ. ಡೊಮೇನ್ ಆದ ಕೂಡಲೇ ‘/ಅಸೆಟ್ಸ್/…’ ಅಂತಿದ್ದು ನಡುವೆ ‘/ಗಿರಣಿ/’ ಇಲ್ಲ ಅಂದರೆ ಕಾರಣ ಖಚಿತ: ‘ಬೇಸ್’ (ಆ್ಯಪ್ ಯಾವ ಫೋಲ್ಡರ್ ಕೆಳಗಿದೆ ಅನ್ನುವ ವೀಟ್ ಆಪ್ಷನ್) ಹೊಂದಿಸಿಲ್ಲ. ಅದರ ಡೀಫಾಲ್ಟ್ ಬೆಲೆ ಬರೀ ‘/’. ಹಾಗಾಗಿ ಬ್ರೌಸರ್ ಹಳೇ ಸೈಟ್‌ನ ಬಾಗಿಲಿಗೆ ಹೋಗಿ ಫೈಲ್ ಕೇಳ್ತಿದೆ. ಅಲ್ಲಿನ ರಿರೈಟ್ (ವಿಳಾಸ ತಿರುಗಿಸುವ) ನಿಯಮ ಸಿಗದ ವಿಳಾಸಕ್ಕೆಲ್ಲ ತನ್ನ ಮುಖಪುಟವನ್ನೇ 200 (ಸರಿ ಇದೆ) ಸ್ಟೇಟಸ್ ಜೊತೆ ಕೊಡ್ತದೆ. ಜೆಎಸ್ ಕೇಳಿದವನ ಕೈಗೆ ಎಚ್‌ಟಿಎಂಎಲ್ ಸಿಕ್ಕಿತು, ಅದಕ್ಕೇ ಮೈಮ್ ಎರರ್. 404 (ಫೈಲ್ ಇಲ್ಲ) ಬಂದಿದ್ದರೆ ಕಾರಣ ಮೊದಲ ನೋಟಕ್ಕೇ ಗೊತ್ತಾಗ್ತಿತ್ತು.

ಕಾನ್ಫಿಗ್‌ನಲ್ಲಿ ‘ಬೇಸ್: "/ಗಿರಣಿ/"’ ಹಾಕ್ರಿ, ಹಿಂದೂ ಮುಂದೂ ಸ್ಲ್ಯಾಶ್ ಇರಲಿ. ವಿಳಾಸ ನೋಡಿ ಪುಟ ತೋರಿಸುವ ರಿಯಾಕ್ಟ್ ರೌಟರ್ ಇದ್ದರೆ ಅದರ ‘ಬೇಸ್‌ನೇಮ್’ಗೂ ಇದೇ ಬೇಕು. ಅಲ್ಲಿ ಕೈಯಿಂದ ಬರೆಯದೆ ‘ಇಂಪೋರ್ಟ್.ಮೆಟಾ.ಎನ್ವ್.ಬೇಸ್_ಯುಆರ್‌ಎಲ್’ ಬಳಸಿದರೆ ನಾಳೆ ಫೋಲ್ಡರ್ ಬದಲಾದರೂ ಒಂದೇ ಕಡೆ ತಿದ್ದಿದರೆ ಸಾಕು. ಬಿಲ್ಡ್ ಮಾಡಿ, ಅಪ್‌ಲೋಡ್‌ಗೆ ಮೊದಲು ‘ವೀಟ್ ಪ್ರಿವ್ಯೂ’ ಓಡಿಸಿ ನೋಡ್ರಿ. ಅದು ಆ್ಯಪನ್ನು ‘/ಗಿರಣಿ/’ ಕೆಳಗೇ ಬಡಿಸ್ತದೆ, ಬೇಸ್ ತಪ್ಪಿದ್ದರೆ ನಿಮ್ಮ ಮಷಿನ್‌ನಲ್ಲೇ ಸಿಕ್ಕಿಬೀಳ್ತದೆ.

‘./’ ಹಾಕಿದರೆ ಸಾಕಲ್ಲ ಅಂತ ಕೆಲವರು ಹೇಳ್ತಾರೆ. ಪ್ರತಿ ಪುಟಕ್ಕೂ ಸಾಪೇಕ್ಷ ಹಾದಿಯನ್ನು ವೀಟ್ ಸರಿಯಾಗಿಯೇ ಲೆಕ್ಕ ಹಾಕ್ತದೆ, ‘ಗೇಟ್/’ ಒಳಗಿನ ಪುಟಕ್ಕೆ ‘../ಅಸೆಟ್ಸ್/’ ಬರೆಯುತ್ತದೆ. ಆದರೆ ‘ಗೇಟ್/2025/118’ ಥರದ ರೌಟ್ ವಿಳಾಸವನ್ನು ಯಾರಾದರೂ ರೀಲೋಡ್ ಮಾಡಿದರೆ ಅದೇ ‘../ಅಸೆಟ್ಸ್/’ ಈಗ ‘/ಗಿರಣಿ/ಗೇಟ್/ಅಸೆಟ್ಸ್/’ ಆಗಿ ಹೋಗ್ತದೆ. ನಿಮಗೆ ಫೋಲ್ಡರ್ ಹೆಸರು ಮೊದಲೇ ಗೊತ್ತಿದೆ, ಪೂರ್ತಿ ಬೇಸ್ ಕೊಡೋದೇ ಒಳ್ಳೇದು.

ಇನ್ನು ಎಚ್‌ಟಿಎಂಎಲ್ ಜಾಗ. ‘ಇನ್‌ಪುಟ್’ನಲ್ಲಿ ನೀವು ಕೊಡುವ ಹೆಸರು ಆ ಪುಟದ ಜೆಎಸ್ ಫೈಲ್‌ಗೆ ಮಾತ್ರ ಅನ್ವಯಿಸ್ತದೆ. ಎಚ್‌ಟಿಎಂಎಲ್ ಎಲ್ಲಿ ಬೀಳಬೇಕು ಅನ್ನೋದನ್ನು ಪ್ರಾಜೆಕ್ಟ್ ರೂಟ್‌ನಿಂದ ಅದು ಎಲ್ಲಿದೆ ಅನ್ನೋದೇ ನಿರ್ಧರಿಸ್ತದೆ. ಡೆವ್ ಸರ್ವರ್‌ನಲ್ಲಿ ಇರುವ ವಿಳಾಸವೇ ಬಿಲ್ಡ್‌ನಲ್ಲೂ ಇರಲಿ ಅಂತ ಹಾಗೆ ಮಾಡಿದ್ದಾರೆ. ಆದ್ದರಿಂದ ಎಚ್‌ಟಿಎಂಎಲ್‌ಗಳನ್ನು ‘ಎಸ್‌ಆರ್‌ಸಿ’ಯಿಂದ ಹೊರಗೆ ತನ್ನಿ: ರೂಟ್‌ನಲ್ಲಿ ದರಪಟ್ಟಿಯ ‘ಇಂಡೆಕ್ಸ್.ಎಚ್‌ಟಿಎಂಎಲ್’, ಪಕ್ಕದಲ್ಲಿ ‘ಗೇಟ್/ಇಂಡೆಕ್ಸ್.ಎಚ್‌ಟಿಎಂಎಲ್’, ‘ಅಡ್ಮಿನ್/ಇಂಡೆಕ್ಸ್.ಎಚ್‌ಟಿಎಂಎಲ್’. ರಿಯಾಕ್ಟ್ ಕೋಡ್ ಎಲ್ಲಾ ‘ಎಸ್‌ಆರ್‌ಸಿ’ಯಲ್ಲೇ ಇರಲಿ, ಸ್ಕ್ರಿಪ್ಟ್ ಟ್ಯಾಗ್ ‘/ಎಸ್‌ಆರ್‌ಸಿ/…’ ಅಂತ ಕರೀಲಿ.

‘ರೂಟ್’ ಆಪ್ಷನ್ನನ್ನೇ ‘ಎಸ್‌ಆರ್‌ಸಿ/ಪೇಜಸ್’ಗೆ ತಿರುಗಿಸುವ ದಾರಿಯೂ ಇದೆ, ನಾನು ಅದನ್ನು ಹೇಳೋದಿಲ್ಲ. ರೂಟ್ ಸರಿದರೆ ‘ಪಬ್ಲಿಕ್‌ಡಿರ್’, ‘ಎನ್ವ್‌ಡಿರ್’, ‘ಔಟ್‌ಡಿರ್’ (ಪಬ್ಲಿಕ್ ಫೋಲ್ಡರ್, ‘.ಎನ್ವ್’ ಸೆಟ್ಟಿಂಗ್ ಫೈಲ್, ಡಿಸ್ಟ್ ಇವುಗಳ ಜಾಗ) ಮೂರೂ ಅದರ ಹಿಂದೆ ಸರೀತಾವೆ. ‘.ಎನ್ವ್’ ಫೈಲ್ ಓದೋದು ನಿಂತು ಎಪಿಐ ವಿಳಾಸ ‘ಅನ್‌ಡಿಫೈನ್ಡ್’ ಆಗ್ತದೆ, ಎರರ್ ಎಲ್ಲೂ ಕಾಣೋದಿಲ್ಲ. ಔಟ್‌ಡಿರ್ ರೂಟ್‌ನ ಹೊರಗೆ ಬಿದ್ದರೆ ‘ಎಂಪ್ಟಿಔಟ್‌ಡಿರ್: ಟ್ರೂ’ ಅಂತ ನೀವೇ ಹೇಳುವವರೆಗೆ ಹಳೇ ಬಿಲ್ಡ್ ಅಳಿಸೋದೂ ಇಲ್ಲ.

ಗಂಗಾವತಿ ಸೋನಾ

ಬೇಸ್ ಹಾಕಿದ ಮೇಲೆ ಪುಟ ಬಂತು ಸರ್, ಎಚ್‌ಟಿಎಂಎಲ್‌ಗಳೂ ಜಾಗಕ್ಕೆ ಬಂದ್ವು. ಈಗ ವಿಂಗಡಣೆ. ಡಿಸ್ಟ್‌ನಲ್ಲಿ ನೇರವಾಗಿ ‘ಜೆಎಸ್’, ‘ಸಿಎಸ್‌ಎಸ್’, ‘ಇಮೇಜಸ್’, ‘ಫಾಂಟ್ಸ್’ ಅಂತ ನಾಲ್ಕು ಫೋಲ್ಡರ್ ಮಾಡಲಾ? ಇನ್ನೊಂದು: ‘ಎಸ್‌ಆರ್‌ಸಿ/ಐಕಾನ್ಸ್’ನಲ್ಲಿರೋ ಕೆಲವು ಪಿಎನ್‌ಜಿ ಐಕಾನ್ ಡಿಸ್ಟ್‌ನಲ್ಲಿ ಎಲ್ಲೂ ಇಲ್ಲ, ಆದರೆ ಪುಟದಲ್ಲಿ ಕಾಣ್ತಾವೆ.

ಬಳ್ಳಾರಿ ಬಿಲ್ಡ್

ಐಕಾನ್ ಕಳೆದಿಲ್ಲ. 4096 ಬೈಟ್‌ಗಿಂತ ಚಿಕ್ಕ ಫೈಲನ್ನು ವೀಟ್ ಬೇಸ್64 (ಫೈಲನ್ನು ಅಕ್ಷರಗಳಾಗಿ ಬರೆಯುವ ರೂಪ) ಮಾಡಿ ಜೆಎಸ್ ಅಥವಾ ಸಿಎಸ್‌ಎಸ್ ಒಳಗೇ ಸೇರಿಸ್ತದೆ. ಬೇಡ ಅಂದರೆ ‘ಅಸೆಟ್ಸ್‌ಇನ್‌ಲೈನ್‌ಲಿಮಿಟ್: 0’. ಹಾಗೇ ಇದ್ದರೂ ನಷ್ಟವಿಲ್ಲ.

ನಾಲ್ಕು ಫೋಲ್ಡರ್ ಮಾಡ್ರಿ, ಆದರೆ ನಾಲ್ಕೂ ‘ಅಸೆಟ್ಸ್’ ಎಂಬ ಒಂದೇ ಸೂರಿನಡಿ ಇರಲಿ. ಇದು ನನ್ನ ಗಟ್ಟಿ ಅಭಿಪ್ರಾಯ. ಜೆಎಸ್ ಒಂದು ಕಡೆ, ಚಿತ್ರ ಒಂದು ಕಡೆ ಅನ್ನೋದು ನಮ್ಮ ಕಣ್ಣಿಗೆ ಅನುಕೂಲ ಅಷ್ಟೇ. ಸರ್ವರ್‌ಗೆ ಬೇಕಾದ ವಿಂಗಡಣೆ ಬೇರೆ: ಹೆಸರಲ್ಲಿ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇರುವ ಫೈಲ್ ಯಾವುದು, ಇಲ್ಲದ್ದು ಯಾವುದು. ಹ್ಯಾಶ್ ಇರೋದನ್ನು ವರ್ಷಗಟ್ಟಲೆ ಕ್ಯಾಶ್‌ನಲ್ಲಿ (ಬ್ರೌಸರ್ ತಂದಿಟ್ಟುಕೊಳ್ಳುವ ಜಾಗ) ಇಡಬಹುದು, ಇಲ್ಲದ್ದನ್ನು ಇಡುವಂತಿಲ್ಲ. ಹ್ಯಾಶ್ ಇರೋದೆಲ್ಲ ‘ಅಸೆಟ್ಸ್’ ಕೆಳಗಿದ್ದರೆ ಒಂದೇ ನಿಯಮ ಸಾಕು.

‘ಬಿಲ್ಡ್.ರೋಲಪ್‌ಆಪ್ಷನ್ಸ್.ಔಟ್‌ಪುಟ್’ನಲ್ಲಿ ಮೂರು ಸಾಲು (ಎಂಟ್ರಿ ಅಂದರೆ ಪುಟದ ಮೊದಲ ಜೆಎಸ್, ಚಂಕ್ ಅಂದರೆ ಒಡೆದ ಜೆಎಸ್ ತುಂಡು, ಅಸೆಟ್ ಅಂದರೆ ಉಳಿದ ಫೈಲ್):

ಎಂಟ್ರಿಫೈಲ್‌ನೇಮ್ಸ್: "ಅಸೆಟ್ಸ್/ಜೆಎಸ್/[ನೇಮ್]-[ಹ್ಯಾಶ್].ಜೆಎಸ್"
ಚಂಕ್‌ಫೈಲ್‌ನೇಮ್ಸ್: "ಅಸೆಟ್ಸ್/ಜೆಎಸ್/[ನೇಮ್]-[ಹ್ಯಾಶ್].ಜೆಎಸ್"
ಅಸೆಟ್‌ಫೈಲ್‌ನೇಮ್ಸ್: ಇದಕ್ಕೆ ಫಂಕ್ಷನ್ ಕೊಡಿ

ಆ ಫಂಕ್ಷನ್‌ಗೆ ಬರುವ ಆಬ್ಜೆಕ್ಟ್‌ನಲ್ಲಿ ‘ನೇಮ್ಸ್’ ಎಂಬ ಪಟ್ಟಿ ಇದೆ, ಅದರ ಮೊದಲ ಹೆಸರಿನ ಎಕ್ಸ್‌ಟೆನ್ಷನ್ ನೋಡ್ರಿ. (ಹಳೇ ಉದಾಹರಣೆಗಳಲ್ಲಿ ‘ನೇಮ್’ ಅಂತ ಒಂಟಿಯಾಗಿ ಇರ್ತದೆ. ಈಗ ಅದು ಡೆಪ್ರಿಕೇಟೆಡ್, ಅಂದರೆ ಬಳಸಬಾರದ್ದು.) ಸಿಎಸ್‌ಎಸ್ ಆದರೆ "ಅಸೆಟ್ಸ್/ಸಿಎಸ್‌ಎಸ್/[ನೇಮ್]-[ಹ್ಯಾಶ್][ಎಕ್ಸ್ಟ್‌ನೇಮ್]" ವಾಪಸ್ ಕೊಡಿ. ವಾಫ್, ವಾಫ್2 ಆದರೆ ‘ಫಾಂಟ್ಸ್’. ಪಿಎನ್‌ಜಿ, ಜೆಪೆಗ್, ವೆಬ್‌ಪಿ, ಎಸ್‌ವಿಜಿ ಆದರೆ ‘ಇಮೇಜಸ್’. ಉಳಿದದ್ದಕ್ಕೆ ಬರೀ ‘ಅಸೆಟ್ಸ್/’. ಕೊನೆಯ ದಾರಿ ಬಿಡಬೇಡ್ರಿ, ಯಾವುದೂ ಹೊಂದದ ಫೈಲ್ ಬಂದಾಗ ಫಂಕ್ಷನ್ ‘ಅನ್‌ಡಿಫೈನ್ಡ್’ ಕೊಟ್ಟರೆ ಬಿಲ್ಡ್ ಮುರಿಯುತ್ತದೆ. ‘ಎಕ್ಸ್ಟ್‌ನೇಮ್’ನಲ್ಲಿ ಚುಕ್ಕೆ ಸೇರಿಯೇ ಬರ್ತದೆ, ‘ಎಕ್ಸ್ಟ್’ನಲ್ಲಿ ಬರೋದಿಲ್ಲ. ಎರಡನ್ನೂ ಬೆರೆಸಿದರೆ ಹೆಸರಲ್ಲಿ ಜೋಡಿ ಚುಕ್ಕೆ.

ಸಿಎಸ್‌ಎಸ್ ಒಳಗಿನ ಫಾಂಟ್ ಹಾದಿಯನ್ನು ವೀಟ್ ತಾನೇ ತಿದ್ದುತ್ತದೆ. ಬಿಲ್ಡ್ ಆದ ಮೇಲೆ ಸ್ಕ್ರಿಪ್ಟ್ ಬರೆದು ಫೈಲ್ ಸ್ಥಳಾಂತರಿಸುವವರಿಗೆ ಮಾತ್ರ ಫಾಂಟ್ ತಪ್ಪಿಹೋಗ್ತದೆ, ಆ ಕೆಲಸಕ್ಕೆ ಕೈ ಹಾಕಬೇಡ್ರಿ. ‘ಪಬ್ಲಿಕ್’ ಫೋಲ್ಡರ್‌ನದು ಬೇರೆ ಲೆಕ್ಕ: ಅದರಲ್ಲಿರೋದು ಇದ್ದ ಹಾಗೇ ಡಿಸ್ಟ್‌ಗೆ ನಕಲಾಗ್ತದೆ, ಹ್ಯಾಶ್ ಇಲ್ಲ, ಮೇಲಿನ ಮೂರು ಸಾಲೂ ಅದಕ್ಕೆ ಸೋಕೋದಿಲ್ಲ.

ಗೇಟ್ ಪುಟ ಮೊಬೈಲ್‌ನಲ್ಲಿ ಓಡೋದಾದರೆ ಯಾವ ಕೋಡ್ ಯಾವ ಚಂಕ್‌ಗೆ ಅಂತ ನಾವೇ ಹೇಳುವ ‘ಮ್ಯಾನುಯಲ್‌ಚಂಕ್ಸ್’ ಬಗ್ಗೆ ಎಚ್ಚರ. ‘ನೋಡ್_ಮಾಡ್ಯೂಲ್ಸ್’ನಲ್ಲಿ ಇರುವ ಲೈಬ್ರರಿಗಳನ್ನೆಲ್ಲ ‘ವೆಂಡರ್’ ಅಂತ ಒಂದೇ ಗಂಟು ಕಟ್ಟುವ ಸಾಲು ಎಲ್ಲೆಡೆ ಸಿಗ್ತದೆ. ಹಾಗೆ ಮಾಡಿದರೆ ಅಡ್ಮಿನ್‌ಗೆ ಮಾತ್ರ ಬೇಕಾದ ಚಾರ್ಟ್ ಲೈಬ್ರರಿಯನ್ನು ಗೇಟ್‌ನ ಫೋನೂ ಇಳಿಸಿಕೊಳ್ಳಬೇಕು. ರಿಯಾಕ್ಟ್, ರಿಯಾಕ್ಟ್-ಡಾಮ್, ಶೆಡ್ಯೂಲರ್ ಮೂರಕ್ಕೆ ಮಾತ್ರ ಹೆಸರು ಕೊಟ್ಟು ಉಳಿದದ್ದನ್ನು ರೋಲಪ್‌ಗೇ ಬಿಡ್ರಿ. 500 ಕೆಬಿ ದಾಟಿದ ಚಂಕ್‌ಗೆ ಬರೋದು ಎಚ್ಚರಿಕೆ, ಎರರ್ ಅಲ್ಲ. ಲಿಮಿಟ್ ಏರಿಸಿ ಅದರ ಬಾಯಿ ಮುಚ್ಚಿಸೋ ಬದಲು ಒಳಗೆ ಏನು ಸೇರಿದೆ ಅಂತ ತೆಗೆದು ನೋಡ್ರಿ.

ರಾಯಚೂರು ಲಿಪಿ

ಒಂದು ಮಾತು ಸೇರಿಸ್ತೀನಿ. ಅಕ್ಕಿ ತಳಿಗಳ ಚಿತ್ರಕ್ಕೆ ‘ಸೋನಾ-ಮಸೂರಿ.ವೆಬ್‌ಪಿ’ ಅಂತ ಕನ್ನಡ ಲಿಪಿಯಲ್ಲೇ ಹೆಸರಿಟ್ಟಿದ್ದರೆ ಬದಲಿಸಿಬಿಡಿ. ರೋಲಪ್ ಕನ್ನಡ ಅಕ್ಷರವನ್ನು ತೆಗೆಯುವುದಿಲ್ಲ, ಬಿಲ್ಡ್ ಚೆನ್ನಾಗಿಯೇ ಆಗುತ್ತದೆ, ತೊಂದರೆ ಸರ್ವರ್‌ನಲ್ಲಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟ್ (ಅಕ್ಷರ ಅಥವಾ ಗುಣಿತದ ಚಿಹ್ನೆ) 3 ಬೈಟ್, ಯುಆರ್‌ಎಲ್‌ನಲ್ಲಿ ಅದು 9 ಅಕ್ಷರ. ‘ಸೋನಾ’ ಎಂಬುದಕ್ಕೇ 36 ಅಕ್ಷರದ ವಿಳಾಸ. ಅದಕ್ಕಿಂತ ಕೆಟ್ಟದ್ದು, ‘ಸೋ’ದಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಕೋಡ್ ಆಗಿಯೂ ಬರೆಯಬಹುದು, ಬಿಡಿಸಿ ಮೂರು ಕೋಡ್ ಆಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡು ಬೇರೆ ಫೈಲ್. ಜಿಪ್ ಮಾಡಿ ಬಿಚ್ಚುವಾಗ ರೂಪ ಬದಲಾದರೆ ಫೈಲ್ ಎದುರಿಗೇ ಇದ್ದರೂ 404. ತಳಿಯ ಹೆಸರು ‘ಆಲ್ಟ್’ ಪಠ್ಯದಲ್ಲಿ ಕನ್ನಡದಲ್ಲೇ ಇರಲಿ, ಓದುಗರಿಗೂ ಸ್ಕ್ರೀನ್ ರೀಡರ್‌ಗೂ ಬೇಕಾದದ್ದು ಅದೇ. ಫೈಲ್ ಹೆಸರು ಮಾತ್ರ ಇಂಗ್ಲಿಷ್‌ನ ಸಣ್ಣ ಅಕ್ಷರ, ಅಂಕಿ, ಹೈಫನ್. ದೊಡ್ಡ ಅಕ್ಷರವೂ ಬೇಡ. ವಿಂಡೋಸ್ ದೊಡ್ಡದು ಚಿಕ್ಕದು ಒಂದೇ ಅನ್ನುತ್ತದೆ, ಸರ್ವರ್ ಅನ್ನುವುದಿಲ್ಲ.

ಗಂಗಾವತಿ ಸೋನಾ

ಹೆಸರು ಬದಲಿಸಿದೆ, ಫೋಲ್ಡರ್‌ಗಳೂ ಹೇಳಿದ ಹಾಗೇ ಬಂದ್ವು. ಈಗ ಹೊಸ ಬಿಲ್ಡ್ ಹಾಕಿದ ದಿನ ಗೇಟ್‌ನಲ್ಲಿ ಬೆಳಗಿನಿಂದ ತೆರೆದಿಟ್ಟಿದ್ದ ಟ್ಯಾಬ್‌ನಲ್ಲಿ ‘ತೂಕದ ಚೀಟಿ’ ಒತ್ತಿದರೆ, ಡೈನಮಿಕ್ ಇಂಪೋರ್ಟ್ (ಬೇಕಾದಾಗ ಮಾತ್ರ ತರುವ ಜೆಎಸ್) ತರಲಾಗಲಿಲ್ಲ ಅಂತ ಬರ್ತದೆ. ರಿಫ್ರೆಶ್ ಮಾಡಿದರೆ ಸರಿ. ಹ್ಯಾಶೇ ತೆಗೆದುಬಿಟ್ಟರೆ ಆಗೋದಿಲ್ವಾ?

ಸಿಂಧನೂರು ಕ್ಯಾಶ್

ಹ್ಯಾಶ್ ತೆಗೀಬೇಡಿ ಅಣ್ಣಾ. ತೆಗೆದರೆ ಎರರ್ ಕಾಣೋದಿಲ್ಲ, ಅದರ ಬದಲು ಹಳೇ ಜೆಎಸ್ ಒಂದು, ಹೊಸ ಜೆಎಸ್ ಒಂದು ಕೂಡಿಕೊಂಡು ಓಡುತ್ತವೆ. ತೂಕದ ಲೆಕ್ಕದಲ್ಲಿ ಅದು ಇನ್ನೂ ಅಪಾಯ.

ನಡೆದದ್ದು ಇಷ್ಟು: ತೆರೆದಿದ್ದ ಟ್ಯಾಬ್‌ಗೆ ಗೊತ್ತಿರೋದು ಹಳೇ ಹ್ಯಾಶ್‌ನ ಚಂಕ್. ನೀವು ಸರ್ವರ್‌ನ ‘ಅಸೆಟ್ಸ್’ ಅಳಿಸಿ ಹೊಸದು ಹಾಕಿದಿರಿ, ಅದು ಕೇಳಿದ ಫೈಲ್ ಈಗ ಇಲ್ಲ. ನಿಮ್ಮ ಮಷಿನ್‌ನ ಡಿಸ್ಟನ್ನು ವೀಟ್ ಪ್ರತಿ ಸಲ ಖಾಲಿ ಮಾಡಲಿ, ಸರ್ವರ್‌ನಲ್ಲಿ ಮಾತ್ರ ಅಳಿಸದೆ ಮೇಲೇ ಹಾಕಿ. ಹ್ಯಾಶ್ ಬೇರೆ ಇರೋದರಿಂದ ಹಳೆಯದೂ ಹೊಸದೂ ಜಗಳ ಆಡೋದಿಲ್ಲ. ಒಂದು ವಾರ ಹಳೆಯದಾದ ಫೈಲ್‌ಗಳನ್ನು ಆಮೇಲೆ ತೆಗೆಯಿರಿ. ಅಪ್‌ಲೋಡ್ ಕ್ರಮವೂ ಮುಖ್ಯ: ಮೊದಲು ‘ಅಸೆಟ್ಸ್’ ಪೂರ್ತಿ, ಅದು ಮುಗಿದ ಮೇಲೆ ಎಚ್‌ಟಿಎಂಎಲ್. ತಿರುಗುಮುರುಗಾದರೆ ನಡುವಿನ ಕೆಲವು ನಿಮಿಷ ಹೊಸ ಪುಟ ಇನ್ನೂ ಬಂದಿರದ ಜೆಎಸ್ ಕೇಳುತ್ತದೆ.

ಕ್ಯಾಶ್‌ಗೆ ‘ಪಬ್ಲಿಕ್/ಅಸೆಟ್ಸ್/’ ಒಳಗೆ ಒಂದು ‘.ಎಚ್‌ಟಿಆಕ್ಸೆಸ್’ (ಅಪಾಚೆಯ ನಿಯಮಗಳ ಫೈಲ್) ಇಡಿ, ಬಿಲ್ಡ್ ಆದಾಗ ತಾನೇ ‘ಡಿಸ್ಟ್/ಅಸೆಟ್ಸ್/’ಗೆ ಹೋಗುತ್ತದೆ. ಅದರಲ್ಲಿ ಎರಡು ಸಾಲು:

ರಿರೈಟ್‌ಎಂಜಿನ್ ಆಫ್
ಹೆಡರ್ ಸೆಟ್ ಕ್ಯಾಶ್-ಕಂಟ್ರೋಲ್ "ಪಬ್ಲಿಕ್, ಮ್ಯಾಕ್ಸ್-ಏಜ್=31536000, ಇಮ್ಯೂಟಬಲ್"

ಮೊದಲನೆಯ ಸಾಲಿನಿಂದ ಮೇಲಿನ ಫೋಲ್ಡರ್‌ನ ರಿರೈಟ್ ಇಲ್ಲಿ ನಡೆಯೋದಿಲ್ಲ, ಇಲ್ಲದ ಫೈಲ್ ಕೇಳಿದರೆ ನಿಜವಾದ 404 ಬರುತ್ತದೆ, ಮೊದಲು ಕಾಡಿದ ಮೈಮ್ ಎರರ್ ಇಲ್ಲಿ ಹುಟ್ಟೋದೇ ಇಲ್ಲ. ಎರಡನೆಯದರ ಸಂಖ್ಯೆ ಸೆಕೆಂಡಿನಲ್ಲಿ ಒಂದು ವರ್ಷ. ‘ಆಲ್ವೇಸ್’ ಸೇರಿಸಬೇಡಿ, ಸೇರಿಸಿದರೆ 404 ಉತ್ತರಕ್ಕೂ ಅದೇ ಒಂದು ವರ್ಷದ ಹೆಡರ್ ಅಂಟುತ್ತದೆ. ಹೆಡರ್ ಮಾಡ್ಯೂಲ್ ಇಲ್ಲದ ಹೋಸ್ಟಿಂಗ್‌ನಲ್ಲಿ ಆ ಸಾಲು ನೇರ 500 ಎರರ್ ಕೊಡುತ್ತದೆ, ಆದ್ದರಿಂದ ‘ಇಫ್‌ಮಾಡ್ಯೂಲ್’ ಒಳಗೆ ಬರೆಯಿರಿ.

ಎಚ್‌ಟಿಎಂಎಲ್‌ಗೆ ಮೇಲಿನ ಫೋಲ್ಡರ್‌ನ ‘.ಎಚ್‌ಟಿಆಕ್ಸೆಸ್’ನಲ್ಲಿ ‘ನೋ-ಕ್ಯಾಶ್’. ಬ್ರೌಸರ್ ಪ್ರತಿ ತಂದಿಟ್ಟುಕೊಳ್ಳಬಹುದು, ಆದರೆ ಬಳಸುವ ಮುನ್ನ ಪ್ರತಿ ಸಲ ಸರ್ವರನ್ನು ಕೇಳಲೇಬೇಕು. ಸಣ್ಣ ಫೈಲ್, ಭಾರ ಏನಿಲ್ಲ.

ಇಷ್ಟಾದರೂ ತುಂಬಾ ಹಳೇ ಟ್ಯಾಬ್ ಉಳಿದಿರುತ್ತದೆ. ಅದಕ್ಕೆ ವೀಟ್ ‘ವೀಟ್:ಪ್ರಿಲೋಡ್‌ಎರರ್’ ಎಂಬ ಇವೆಂಟನ್ನು ವಿಂಡೋ ಮೇಲೆ ಕಳಿಸುತ್ತದೆ. ಅದನ್ನು ಹಿಡಿದು ಪುಟ ರೀಲೋಡ್ ಮಾಡೋದು ಸಾಮಾನ್ಯ ಉಪಾಯ. ಗೇಟ್ ಪುಟದಲ್ಲಿ ಹಾಗೆ ಮಾಡಬೇಡಿ. ಲಾರಿ ನಂಬರ್, ತುಂಬಿದ ತೂಕ ಬರೆದು ಖಾಲಿ ತೂಕಕ್ಕೆ ಕಾಯುತ್ತಿರುವವನ ಫಾರ್ಮ್ ಅಳಿಸಿಹೋಗುತ್ತದೆ. ‘ಹೊಸ ಆವೃತ್ತಿ ಬಂದಿದೆ, ಉಳಿಸಿ ಮತ್ತೆ ತೆರೆಯಿರಿ’ ಅಂತ ಸೂಚನೆ ತೋರಿಸಿ ಬಟನ್ ಅವನ ಕೈಗೆ ಕೊಡಿ. ದರಪಟ್ಟಿಯಲ್ಲಿ ತಾನಾಗಿ ರೀಲೋಡ್ ಆಗಲಿ, ಆದರೆ ‘ಸೆಷನ್‌ಸ್ಟೋರೇಜ್’ನಲ್ಲಿ ಗುರುತು ಇಟ್ಟು ಒಂದೇ ಸಲ. ಗುರುತು ಇಡದೆ ಹೋದರೆ, ಫೈಲ್ ನಿಜವಾಗಿಯೂ ಇಲ್ಲದಿದ್ದಾಗ ಪುಟ ಸುತ್ತುತ್ತಲೇ ಇರುತ್ತದೆ.

ಗಂಗಾವತಿ ಸೋನಾ

ಹಾಗೇ ಮಾಡಿದೆ, ಹಳೇ ಟ್ಯಾಬ್‌ನಲ್ಲೂ ಚೀಟಿ ಬಂತು. ಕೊನೇ ಪ್ರಶ್ನೆ: ಹಳೇ ಸೈಟ್‌ನ ಪಿಎಚ್‌ಪಿ ಪುಟದಲ್ಲಿ ದರಪಟ್ಟಿಯ ಜೆಎಸ್ ಸೇರಿಸಬೇಕು. ಹ್ಯಾಶ್ ಬದಲಾಗ್ತಾ ಇದ್ದರೆ ಹೆಸರು ಹೇಗೆ ಬರೆಯೋದು? ಯಾವ ಫೈಲ್‌ಗೆ ಯಾವ ಹ್ಯಾಶ್ ಹೆಸರು ಅನ್ನುವ ಪಟ್ಟಿ (ಮ್ಯಾನಿಫೆಸ್ಟ್) ಸಿಗಲಿ ಅಂತ ‘ಬಿಲ್ಡ್.ಮ್ಯಾನಿಫೆಸ್ಟ್: ಟ್ರೂ’ ಹಾಕಿದೆ, ಸರ್ವರ್‌ನಲ್ಲಿ ಆ ಫೈಲೇ ಇಲ್ಲ.

ಬಳ್ಳಾರಿ ಬಿಲ್ಡ್

ವೀಟ್ 5ರಿಂದ ಅದು ‘ಡಿಸ್ಟ್/.ವೀಟ್/ಮ್ಯಾನಿಫೆಸ್ಟ್.ಜೇಸನ್’ನಲ್ಲಿ ಕೂರ್ತದೆ. ಚುಕ್ಕೆಯಿಂದ ಶುರುವಾಗುವ ಫೋಲ್ಡರನ್ನು ‘ಸಿಪಿ ಡಿಸ್ಟ್/*’ ಕಮಾಂಡ್ ನಕಲು ಮಾಡೋದಿಲ್ಲ, ಸಿಪ್ಯಾನೆಲ್ ಫೈಲ್ ಮ್ಯಾನೇಜರ್ ಸೆಟ್ಟಿಂಗ್ ಬದಲಿಸದೆ ತೋರಿಸೋದೂ ಇಲ್ಲ. ಡಿಸ್ಟ್‌ನ ಮೇಲ್ಮಟ್ಟದ ‘.ಎಚ್‌ಟಿಆಕ್ಸೆಸ್’ಗೂ ಇದೇ ಗತಿ, ಅದೂ ಹೋಗಿದೆಯಾ ನೋಡಿಕೊಳ್ರಿ. ‘ಸಿಪಿ -ಆರ್ ಡಿಸ್ಟ್/.’ ಅಂದರೆ ಎಲ್ಲಾ ಹೋಗ್ತಾವೆ. ಇಲ್ಲವೇ ‘ಮ್ಯಾನಿಫೆಸ್ಟ್: "ಮ್ಯಾನಿಫೆಸ್ಟ್.ಜೇಸನ್"’ ಅಂತ ಹೆಸರೇ ಕೊಟ್ಟರೆ ಡಿಸ್ಟ್‌ನಲ್ಲಿ ನೇರವಾಗಿ ಬೀಳ್ತದೆ.

ಅದರಲ್ಲಿ ಕೀ ಅಂದರೆ ಮೂಲ ಫೈಲ್‌ನ ಹಾದಿ. ದರಪಟ್ಟಿಗೆ ‘ಇಂಡೆಕ್ಸ್.ಎಚ್‌ಟಿಎಂಎಲ್’ ಎಂಬ ಕೀ ಹುಡುಕಿ. ‘ಫೈಲ್’ನಲ್ಲಿರೋದನ್ನು ‘ಟೈಪ್="ಮಾಡ್ಯೂಲ್"’ ಇರುವ ಸ್ಕ್ರಿಪ್ಟ್ ಟ್ಯಾಗ್‌ಗೆ ಹಾಕ್ರಿ, ‘ಸಿಎಸ್‌ಎಸ್’ ಪಟ್ಟಿಯ ಪ್ರತಿಯೊಂದಕ್ಕೂ ಲಿಂಕ್ ಟ್ಯಾಗ್. ಅಲ್ಲಿಗೇ ನಿಲ್ಲಿಸಬೇಡ್ರಿ: ‘ಇಂಪೋರ್ಟ್ಸ್’ನಲ್ಲಿ ಹೆಸರಿಸಿದ ಚಂಕ್‌ಗಳಿಗೂ ಸ್ವಂತ ಸಿಎಸ್‌ಎಸ್ ಇರಬಹುದು, ಅವನ್ನೂ ಹಿಂಬಾಲಿಸಿ ಸೇರಿಸಬೇಕು. ಇಲ್ಲದಿದ್ದರೆ ಪಟ್ಟಿ ಬರ್ತದೆ, ಬಣ್ಣ ಅಂಚು ಬರೋದಿಲ್ಲ. ಹಾದಿಗಳಲ್ಲಿ ಬೇಸ್ ಇರೋದಿಲ್ಲ, ಪಿಎಚ್‌ಪಿಯಲ್ಲಿ ಪ್ರತಿಯೊಂದರ ಮುಂದೆ ‘/ಗಿರಣಿ/’ ನೀವೇ ಸೇರಿಸ್ರಿ. ಅಪ್‌ಲೋಡ್‌ನಲ್ಲಿ ಮ್ಯಾನಿಫೆಸ್ಟ್ ಕೂಡ ಎಚ್‌ಟಿಎಂಎಲ್ ಜೊತೆ ಕೊನೆಗೆ ಹೋಗಲಿ.