ಮೂತ್ರದ ಕಲ್ಚರ್ ಪಾಸಿಟಿವ್ ಬಂದ ಹಿರಿಯರಿಗೆಲ್ಲ ಆಂಟಿಬಯಾಟಿಕ್ ಬೇಕಾ?

ಪ್ರಶ್ನೆ (ಆರೈಕೆ ಕೇಂದ್ರದ ನರ್ಸ್):
ಹಾಸಿಗೆ ಹಿಡಿದ ಅಜ್ಜಿ ಸ್ವಲ್ಪ ಮಂಕಾದ್ರೆ, ಮೂತ್ರ ವಾಸನೆ ಬಂದ್ರೆ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಾ ಅಂತ ನೋಡೋ ಪರೀಕ್ಷೆ) ಕಳಿಸ್ತೀವಿ. ಇ. ಕೋಲೈ ಬ್ಯಾಕ್ಟೀರಿಯಾ ಇದೆ ಅಂತ ರಿಪೋರ್ಟ್ ಬರುತ್ತೆ, ಡಾಕ್ಟರ್ ಫೋನಲ್ಲೇ ಸಿಪ್ರೋಫ್ಲಾಕ್ಸಸಿನ್ ಅನ್ನೋ ಆಂಟಿಬಯಾಟಿಕ್ ಹೇಳ್ತಾರೆ. ಇದನ್ನ ಕಡಿಮೆ ಮಾಡೋಕೆ ಮೊದಲು ಎಲ್ಲಿ ಕೈ ಹಾಕಬೇಕು?

ಉತ್ತರ 1 (ವೃದ್ಧರ ವೈದ್ಯ):
ಕಲ್ಚರ್ ಕಳಿಸೋ ಅಭ್ಯಾಸಕ್ಕೇ ಕೈ ಹಾಕಿ, ಸಿಸ್ಟರ್. ಪಾಸಿಟಿವ್ ರಿಪೋರ್ಟ್ ಎದುರಿಗಿದ್ದಾಗ ಔಷಧ ಬೇಡ ಅನ್ನೋದು ಯಾವ ವೈದ್ಯರಿಗೂ ಕಷ್ಟ. ದೀರ್ಘಕಾಲ ಆರೈಕೆಯಲ್ಲಿರೋ, ಕ್ಯಾತಿಟರ್ (ಮೂತ್ರ ಹೋಗೋಕೆ ಹಾಕೋ ಕೊಳವೆ) ಇಲ್ಲದ ಹೆಂಗಸರಲ್ಲಿ ನೂರಕ್ಕೆ 25ರಿಂದ 50 ಮಂದಿಗೆ, ಗಂಡಸರಲ್ಲಿ 15ರಿಂದ 40 ಮಂದಿಗೆ ಯಾವ ತೊಂದರೆ ಇಲ್ಲದಿದ್ರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುತ್ತೆ. ಬಹಳ ದಿನದಿಂದ ಕ್ಯಾತಿಟರ್ ಇದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ. ಹುಡುಕಿದ್ರೆ ಸಿಕ್ಕೇ ಸಿಗುತ್ತೆ.

ಆಂಟಿಬಯಾಟಿಕ್ ಶುರು ಮಾಡೋಕೆ ಕನಿಷ್ಠ ಯಾವ ಲಕ್ಷಣ ಇರಬೇಕು ಅಂತ ಹೇಳೋ 2001ರ ಲೋಬ್ ಮಾನದಂಡವನ್ನ ನರ್ಸಿಂಗ್ ಕೋಣೆಯಲ್ಲಿ ಅಂಟಿಸಿ. ಕ್ಯಾತಿಟರ್ ಇಲ್ಲದವರಿಗೆ ಹೊಸದಾಗಿ ಉರಿಮೂತ್ರ ಶುರುವಾಗಿದ್ರೆ ಅದೊಂದೇ ಸಾಕು. ಇಲ್ಲಾಂದ್ರೆ ಜ್ವರ 37.9 ಡಿಗ್ರಿ ಸೆಲ್ಸಿಯಸ್ ದಾಟಿರಬೇಕು, ಅಥವಾ ಅವರ ಮಾಮೂಲಿ ಉಷ್ಣತೆಗಿಂತ 1.5 ಡಿಗ್ರಿ ಏರಿರಬೇಕು. ಜ್ವರದ ಜೊತೆಗೆ ಅವಸರ, ಪದೇಪದೇ ಹೋಗೋದು, ಕಿಬ್ಬೊಟ್ಟೆ ನೋವು, ಪಕ್ಕೆ ಹತ್ರ ಬೆನ್ನು ಮುಟ್ಟಿದ್ರೆ ನೋವು, ಮೂತ್ರದಲ್ಲಿ ಕಣ್ಣಿಗೆ ಕಾಣೋ ರಕ್ತ, ಮೂತ್ರ ಸೋರೋದು, ಇವುಗಳಲ್ಲಿ ಒಂದಾದ್ರೂ ಬೇಕು. ವಾಸನೆ ಆ ಪಟ್ಟಿಯಲ್ಲೇ ಇಲ್ಲ. ಆರಾಮಾಗಿದ್ದಾಗಿನ ಉಷ್ಣತೆಯನ್ನ ಚಾರ್ಟಲ್ಲಿ ಬರೆದಿಡದಿದ್ರೆ ಆ 1.5 ಲೆಕ್ಕಕ್ಕೆ ಸಿಗಲ್ಲ. ಹೆಚ್ಚಿನ ಕಡೆ ಎಡವೋದು ಇಲ್ಲೇ.

ಉತ್ತರ 2 (ಮೈಕ್ರೋಬಯಾಲಜಿ ಲ್ಯಾಬ್):
ಸ್ಯಾಂಪಲ್ ಬಗ್ಗೆ ಎರಡು ಮಾತು. ಬೆಳಿಗ್ಗೆ ಹಿಡಿದ ಬಾಟಲಿ ಮಧ್ಯಾಹ್ನದ ತನಕ ಮೇಜಿನ ಮೇಲೆ ಕೂತ್ರೆ ಬ್ಯಾಕ್ಟೀರಿಯಾ ಅದರೊಳಗೇ ಬೆಳೆದು ಕಾಲನಿ ಎಣಿಕೆ (ಬ್ಯಾಕ್ಟೀರಿಯಾ ಎಷ್ಟಿದೆ ಅನ್ನೋ ಲೆಕ್ಕ) ಸುಳ್ಳಾಗುತ್ತೆ. ಎರಡು ಗಂಟೆಯೊಳಗೆ ತಲುಪದಿದ್ರೆ ಫ್ರಿಜ್‌ನಲ್ಲಿಡಿ, 24 ಗಂಟೆ ತಡೆಯುತ್ತೆ. ಕ್ಯಾತಿಟರ್ ಹಾಕಿ ಎರಡು ವಾರ ದಾಟಿದ್ರೆ ಅದನ್ನ ಬದಲಿಸಿ ಹೊಸದರಿಂದ ಹಿಡಿಯಿರಿ. ಮೂತ್ರ ತುಂಬೋ ಚೀಲದಿಂದ ಬಗ್ಗಿಸಿ ಕಳಿಸಲೇಬೇಡಿ.

ನರ್ಸ್:
ಜ್ವರ ಇಲ್ಲ, ಬರೀ ಮಂಕು. ಆಗ ಫೋನಲ್ಲಿ ಏನು ಹೇಳಲಿ?

ಉತ್ತರ 1:
"ಯೂರಿನ್ ಇನ್ಫೆಕ್ಷನ್ ಇರಬೇಕು ಡಾಕ್ಟ್ರೇ" ಅಂತ ಮಾತ್ರ ಶುರು ಮಾಡಬೇಡಿ, ಅಲ್ಲಿಗೆ ತೀರ್ಮಾನ ಆಗಿಹೋಗುತ್ತೆ. ಉಷ್ಣತೆ, ನಾಡಿ, ಬಿಪಿ, ಆಮ್ಲಜನಕ, ಸಕ್ಕರೆ ಮೊದಲು ಹೇಳಿ. ಆಮೇಲೆ ನೀರು ಎಷ್ಟು ಕುಡಿದ್ರು, ಮಲ ಯಾವಾಗ ಹೋಯ್ತು, ಮೂತ್ರ ಕಟ್ಟಿದೆಯಾ, ಯಾವ ಮಾತ್ರೆ ಹೊಸದು, ಬಿದ್ದಿದ್ರಾ. ಬರೀ ಗೊಂದಲ ಇದ್ದು ಮೂತ್ರದ ತೊಂದರೆ, ಜ್ವರ, ಬಿಪಿ ಇಳಿತ ಇಲ್ಲದಿದ್ರೆ ಬೇರೆ ಕಾರಣ ಹುಡುಕಿ, ಗಮನಿಸ್ತಾ ಇರಿ ಅಂತಲೇ ಅಮೆರಿಕದ ಸೋಂಕುರೋಗ ತಜ್ಞರ ಸಂಘದ 2019ರ ಮಾರ್ಗಸೂಚಿ ಹೇಳುತ್ತೆ. ಚಳಿನಡುಕ ಬಂದ್ರೆ, ಬಿಪಿ ಬಿದ್ರೆ ಕಾಯೋ ಮಾತೇ ಇಲ್ಲ.

ಆಂಟಿಬಯಾಟಿಕ್ ಶುರುವಾದ್ರೂ ಚೀಟಿಯಲ್ಲಿ ಕಾರಣ, ನಿಲ್ಲಿಸೋ ದಿನ ಎರಡನ್ನೂ ಬರೆಸಿಕೊಳ್ಳಿ. 48ರಿಂದ 72 ಗಂಟೆಗೆ ಕಲ್ಚರ್ ರಿಪೋರ್ಟ್ ಕೈಯಲ್ಲಿಟ್ಟುಕೊಂಡು ಮತ್ತೆ ಫೋನ್ ಮಾಡಿ: ನಿಲ್ಲಿಸೋದಾ, ಬದಲಿಸೋದಾ? ಸಿಪ್ರೋಫ್ಲಾಕ್ಸಸಿನ್ನಿಂದಲೇ ಹಿರಿಯರಿಗೆ ಗೊಂದಲ ಹೆಚ್ಚಾಗಬಹುದು, ಸ್ನಾಯುರಜ್ಜು ಹರಿಯಬಹುದು, ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಭೇದಿ ಹತ್ತಬಹುದು. ಮಂಕು ಅಂತ ಕೊಟ್ಟ ಮಾತ್ರೆಯಿಂದ ಮಂಕು ಜಾಸ್ತಿಯಾದ್ರೆ ಅದನ್ನೂ ಇನ್ಫೆಕ್ಷನ್ ಅಂದುಕೊಂಡು ಇನ್ನೊಂದು ಕೋರ್ಸ್ ಬರೆಯೋದುಂಟು.